ಪುಟ ಹದಿನಾಲ್ಕರ ತಪ್ಪು

ಹರಪನಹಳ್ಳಿ
8 ಜುಲೈ 2024

ಮಾಲಾ ಎನ್. ಅವರಿಗೆ,
ಭೌತಶಾಸ್ತ್ರ ವಿಭಾಗ, ಪದವಿ ಕಾಲೇಜು, ಹಗರಿಬೊಮ್ಮನಹಳ್ಳಿ.

ನಮಸ್ಕಾರ್ರಿ ಮೇಡಂ.

ಇಷ್ಟು ಬರೆದು ಐದು ನಿಮಿಷ ಪೆನ್ನು ಹಿಡಕೊಂಡು ಕುಂತೆ. ನಿನಗ ಮೇಡಂ ಅನ್ನಾಕ ನನ್ನ ಕೈಲಿ ಆಗವಲ್ದು. ಲೇ ಮಾಲಾ, ನಾನು ಪರ್ವೀನ್. ಕೊಟ್ಟೂರಿನಾಗ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಮಸ್ತಾನಸಾಬರ ಮಗಳು. ಬಿ.ಎಸ್ಸಿ. ಮೂರು ವರ್ಷ ನಿನ್ನ ಬಾಜೂಕ ಕುಂತಾಕಿ. ನಾವು ಮಾತಾಡಿ ಇಪ್ಪತ್ಮೂರು ವರ್ಷ ಆತು.

ಯಾಕ ಬರೆಯಾಕ ಹತ್ತೀನಿ ಅಂದ್ರ, ನಿನ್ನ ಟಿಪ್ಪಣಿಯಾಗ ಒಂದು ತಪ್ಪೈತಿ.

ಮೊದಲಿಂದ ಹೇಳ್ತೀನಿ. ಬೆಳಿಗ್ಗಿ ಸಂಜಿ ನಾನು ಪಿಯುಸಿ ಹುಡುಗರಿಗೆ ಗಣಿತ ಟ್ಯೂಷನ್ ಹೇಳ್ತೀನಿ. ನಡುವಿನ ಹೊತ್ತು ನಂದು. ಈ ಫೆಬ್ರುವರಿಯಾಗ ಫೋನಿನ್ಯಾಗ ಕ್ವಾಂಟಂ ಕ್ಷೇತ್ರ ಸಿದ್ಧಾಂತದ ಪಾಠ ಸಿಕ್ಕವು. ಕಣಗಳು ಹೆಂಗ ಹುಟ್ಟತಾವ, ಹೆಂಗ ಇಲ್ಲದಂಗ ಆಗ್ತಾವ ಅನ್ನೋ ವಿದ್ಯಾ. ಆಸೆ ಪಟ್ಟು ಕುಂತೆ. ಐದನೇ ನಿಮಿಷಕ್ಕ ಆ ಮೇಷ್ಟ್ರು, "ವಿಶೇಷ ಸಾಪೇಕ್ಷತೆ ಗಟ್ಟಿ ಇಲ್ಲದವರು ಈಗಲೇ ಎದ್ದು ಹೋಗಿ, ಕಲಿತು ಬನ್ನಿ" ಅಂದ್ರು. ಎದ್ದು ಹೋದೆ. ಕನ್ನಡದಾಗ ಏನರ ಸಿಗತೈತೇನು ಅಂತ ಕೊಟ್ಟೂರಿನ ಝೆರಾಕ್ಸ್ ಅಂಗಡ್ಯಾಗ ಕೇಳಿದ್ರ, ಅವ ನಿನ್ನ ನಲವತ್ತು ಪುಟದ ಟಿಪ್ಪಣಿ ಕೊಟ್ಟ. ಮ್ಯಾಲ ನಿನ್ನ ಹೆಸರು ನೋಡಿ ಅಂಗಡಿ ಮುಂದೇ ನಿಂತು ಓದಾಕ ಹತ್ತಿದೆ.

ಪುಟ ಹದಿನಾಲ್ಕು ತೆಗಿ. ಓಡೋ ಗಡಿಯಾರ ನಿಧಾನ ಆಗಾಕ ಕಾರಣ, ಅದರಿಂದ ಹೊರಟ ಬೆಳಕು ನಮ್ಮ ಕಣ್ಣು ಮುಟ್ಟಾಕ ತಡ ಆಗೂದು ಅಂತ ಬರೆದೀದಿ. ಅದೇ ಕಾರಣ ಆಗಿದ್ರ, ನಮ್ಮ ಕಡೆ ಬರೋ ಗಡಿಯಾರ ಜೋರು ಓಡಬೇಕಿತ್ತಲ್ಲ? ಬೆಳಕಿನ ದಾರಿ ಕ್ಷಣ ಕ್ಷಣಕ್ಕೂ ಗಿಡ್ಡ ಆಗ್ತಾ ಬರತೈತಿ. ಆದ್ರ ಸೂತ್ರದಾಗ ಬರೋದಕ್ಕೂ ಹೋಗೋದಕ್ಕೂ ಒಂದೇ ಉತ್ತರ. ಹಿಂಗ ತಿಳಕೊ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ, ಮೂರೂ ಸ್ಟೇಷನ್ನಾಗ ಒಂದೊಂದು ಗಡಿಯಾರ ಐತಿ, ಮೂರನ್ನೂ ಸರಿಯಾಗಿ ಕೂಡಿಸಿ ಇಟ್ಟಾರ. ಬಾಳ ಜೋರು ಓಡೋ ರೈಲಿನಾಗ ಇನ್ನೊಂದು ಗಡಿಯಾರ. ಅದು ಒಂದೊಂದು ಸ್ಟೇಷನ್ ದಾಟುವಾಗ, ಅಲ್ಲೇ ಎದುರಿಗಿದ್ದ ಗಡಿಯಾರದ ಪಕ್ಕ ಇಟ್ಟು ನೋಡ್ತೀವಿ. ಬೆಳಕು ಎಲ್ಲಿಂದಲೂ ಬರಬೇಕಾಗಿಲ್ಲ. ಆದ್ರೂ ರೈಲಿನ ಗಡಿಯಾರ ಪ್ರತಿ ಸ್ಟೇಷನ್ನಿಗೂ ಇನ್ನಷ್ಟು ಹಿಂದ ಬಿದ್ದಿರತೈತಿ. ಕಣ್ಣಿನ ದೋಷ ಏನಿಲ್ಲ. ಕಾಲಾನೇ ಹಂಗೈತಿ.

ಈಗ ನಾಚಿಕಿ ಮಾತು. ಈ ತಪ್ಪು ನಿನಗ ಹೇಳಿಕೊಟ್ಟಾಕಿ ನಾನೇ. ಮೇಷ್ಟ್ರಿಗೆ ವರ್ಗ ಆಗಿ ಆ ಪಾಠ ಹೇಳೋರು ಇಲ್ಲದಂಗ ಆದಾಗ, ನಾವಿಬ್ಬರೇ ಕೊಟ್ಟೂರು ಸ್ಟೇಷನ್ನಿನ ಕಲ್ಲುಬೆಂಚಿನ ಮ್ಯಾಲ ಓದಿದ್ವಿ. "ಬೆಳಕು ತಡ ಮಾಡಿ ಬರತೈತಿ ನೋಡು, ಅದಕ್ಕ" ಅಂತ ನಾ ದೊಡ್ಡದಾಗಿ ಕೈ ತಿರುವಿ ಹೇಳಿದ್ದೆ. ನೀ ನಂಬಿದ್ದಿ. ಟಿಪ್ಪಣಿಯಾಗ ನನ್ನ ಮಾತು ಇದ್ದಂಗೇ ಕುಂತೈತಿ. ಎಷ್ಟು ವರ್ಷದಿಂದ ಪಾಠ ಮಾಡ್ತೀ? ಅಷ್ಟು ವರ್ಷದ ಹುಡುಗರಿಗೆ ನಾನೇ ತಪ್ಪು ಕಲಿಸಿದಂಗ ಆತು. ಮಾಫ್ ಮಾಡು.

ನಿನ್ನ ಪಾರೂ
(ಹಂಗ ಕರಿಯೋಳು ನೀ ಒಬ್ಬಾಕೀನೇ ಇದ್ದಿ)


ಹಗರಿಬೊಮ್ಮನಹಳ್ಳಿ
2 ಆಗಸ್ಟ್ 2024

ಪ್ರಿಯ ಪರ್ವೀನ್,

ನಿಮ್ಮ ಪತ್ರ ತಲುಪಿತು. ಉತ್ತರಿಸಲು ತಡವಾಗಿದ್ದಕ್ಕೆ ಕ್ಷಮೆ ಇರಲಿ.

ಪುಟ ಹದಿನಾಲ್ಕರ ವಿವರಣೆ ತಪ್ಪು ಎಂಬುದನ್ನು ಒಪ್ಪುತ್ತೇನೆ. ಮೂರು ದಿನ ಅದರ ಮೇಲೆ ಕೆಲಸ ಮಾಡಿದೆ. ಮೊದಲ ದಿನ ನಿಮ್ಮದೇ ತಪ್ಪು ಎಂದು ಸಾಧಿಸಲು ಪ್ರಯತ್ನಿಸಿದೆ, ಎರಡನೆಯ ದಿನ ಆಗಲಿಲ್ಲ, ಮೂರನೆಯ ದಿನ ಸುಮ್ಮನೆ ಕುಳಿತಿದ್ದೆ. ನಾನು ಹದಿನೆಂಟು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವಾಗ ಒಮ್ಮೆಯೂ ಈ ಪ್ರಶ್ನೆ ಬರಲಿಲ್ಲ. ವಿದ್ಯಾರ್ಥಿಗಳೂ ಕೇಳಲಿಲ್ಲ. ಅವರು ಕೇಳದ ಹಾಗೆ ನಾನು ಪಾಠ ಮಾಡಿದ್ದೆ ಎಂದು ಈಗ ಅನ್ನಿಸುತ್ತದೆ.

ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ. ತಾವು ಓದುವುದನ್ನು ಮುಂದುವರಿಸಿರುವುದು ಸಂತೋಷ.

ತಮ್ಮ ತಂದೆಯವರು ಹೇಗಿದ್ದಾರೆ?

ಇಂತಿ,
ಮಾಲಾ


ಹರಪನಹಳ್ಳಿ
15 ಆಗಸ್ಟ್ 2024

ಲೇ ಮಾಲಾ,

ನೀ ಯಾವಾಗಿಂದ ಪೇಪರಿನ ಭಾಷಾದಾಗ ಮಾತಾಡಾಕ ಹತ್ತಿದಿ? "ತಾವು" ಅಂತ. ನಿನ್ನ ಕಾಗದ ಶಹಬಾಜರಿಗೆ ಓದಿ ತೋರಿಸಿದೆ. ಶಹಬಾಜ ನನ್ನ ಗಂಡ, ಇಲ್ಲೇ ಬಸ್‌ಸ್ಟ್ಯಾಂಡ್ ಹಿಂದ ಗಾಡಿಗಳ ವೈರಿಂಗ್ ಕೆಲಸ ಮಾಡ್ತಾರ. "ಯಾರ ನೋಟೀಸ್ ಬಂತು?" ಅಂದ್ರು.

ಅಬ್ಬಾ ಹೋಗಿ ಎರಡು ವರ್ಷ ಆತು. ನೀ ಕೇಳಿದ್ದು ಚಲೋ ಆತು, ಯಾರೂ ಅವರ ಬಗ್ಗೆ ಕೇಳೂದಿಲ್ಲ ಈಗ. ಕಡೀ ತನಕ ಕೈಯಾಗ ತಾಮ್ರದ ತಂತಿ ಹಿಡದೇ ಇದ್ರು. ಅಮ್ಮಿ ಇನ್ನೂ ಕೊಟ್ಟೂರಿನಾಗೇ ತಮ್ಮನ ಜೋಡಿ ಅದಾಳ. ನನ್ನ ಮಗಳು ದಾವಣಗೆರ್ಯಾಗ ನರ್ಸಿಂಗ್ ಓದ್ತಾಳ.

ಫೋನ್ ನಂಬರ್ ಕೊಡಬೇಕು ಅಂತಿದ್ದೆ. ಆಮ್ಯಾಲ ಬ್ಯಾಡ ಅನ್ನಿಸ್ತು. ಫೋನಿನಾಗ ಈ ಚಿಹ್ನೆಗಳನ್ನ ಬರೆಯಾಕ ಬರಂಗಿಲ್ಲ. ಕಾಗದದಾಗ ಗೀಟು ಹೊಡದು ಚಿತ್ರ ತೆಗದು ಬರೀಬಹುದು. ಇನ್ನೊಂದು, ಕಾಗದ ಬರಿಯೋ ಹೊತ್ತಿಗೆ ನನಗ ಏನು ತಿಳದಿಲ್ಲ ಅನ್ನೂದು ನನಗೇ ಗೊತ್ತಾಗತೈತಿ.

ನೀ ನನ್ನ ಜೋಡಿ ಓದ್ತೀಯೇನು? ಈಗ ಚಾಲೂ ಮಾಡಿದ್ರ ಬ್ಯಾಸಿಗಿಯೊಳಗ ಸಾಪೇಕ್ಷತೆ ಮುಗೀತೈತಿ, ಮುಂದ ಕ್ಷೇತ್ರ ಸಿದ್ಧಾಂತ. ಶಹಬಾಜ ಕೇಳಿದ್ರು, "ಇದನ್ನ ಓದಿದ್ರ ಏನು ಸಿಗತೈತಿ?" ಏನೂ ಸಿಗಂಗಿಲ್ಲ ಅಂದೆ. "ಹಂಗಾರ ಬಿಡಬ್ಯಾಡ. ಏನರ ಸಿಗೋದಾಗಿದ್ರ ನಾಲ್ಕು ದಿನಕ್ಕ ಬ್ಯಾಸರ ಆಗತಿತ್ತು" ಅಂದ್ರು. ಅವರು ಹಂಗೇ.

ಒಂದು ಲೆಕ್ಕ ಕಳಸ್ತೀನಿ, ಬಿಡಸು. ನಿಮ್ಮೂರ ಸ್ಟೇಷನ್ನಾಗ ಒಂದು ದೀಪ, ನಮ್ಮೂರ ಸ್ಟೇಷನ್ನಾಗ ಒಂದು ದೀಪ. ಪ್ಲಾಟ್‌ಫಾರ್ಮಿನ ಗಡಿಯಾರಗಳ ಪ್ರಕಾರ ಎರಡೂ ಒಂದೇ ಹೊತ್ತಿಗೆ ಹತ್ತಿದವು. ನಿಮ್ಮೂರಿಂದ ನಮ್ಮೂರ ಕಡೆ ಓಡೋ ರೈಲಿನಾಗ ಕುಂತಾಕಿಗೆ ಯಾವ ದೀಪ ಮೊದಲು ಹತ್ತಿತು? ಕಣ್ಣಿಗೆ ಯಾವುದು ಮೊದಲು ಕಂಡಿತು ಅಂತ ಕೇಳವಲ್ಲೆ. ಯಾವುದು ಮೊದಲು ಹತ್ತಿತು?

ಪಾರೂ


ಹಗರಿಬೊಮ್ಮನಹಳ್ಳಿ
22 ಸೆಪ್ಟೆಂಬರ್ 2024

ಪಾರೂ,

ನಿಮ್ಮೂರ ದೀಪಾನೇ ಮೊದಲು. ಮುಂದಿನ ದೀಪ ಮೊದಲು, ಹಿಂದಿಂದು ಆಮ್ಯಾಲ. ಸೂತ್ರ ಹಚ್ಚಿದ್ರ ಎರಡು ಗೆರಿ. ಆದ್ರ ಈ ಸಲ ಸೂತ್ರ ಮುಟ್ಟದಂಗ ಚಿತ್ರ ತೆಗದು ತಿಳಕೊಂಡೆ. ನಾಲ್ಕು ಹಾಳಿ ಹಾಳಾದವು.

ಚಾಚಾ ಹೋದ ಸುದ್ದಿ ಓದಿ, ಕಾಗದ ಹಿಡಕೊಂಡೇ ಅಡಿಗಿಮನಿಗೆ ಹೋದೆ. ಅವ್ವಗ ಹೇಳಿದೆ. ನಮ್ಮವ್ವ ಸುಂಕಮ್ಮ ನಿನಗ ನೆನಪಿರಬೇಕು, ಕೂಡ್ಲಿಗಿ ಹಾಸ್ಟೆಲಿನಾಗ ಅಡಿಗಿ ಮಾಡ್ತಿದ್ಲು. ಈಗ ನನ್ನ ಜೋಡೀನೇ ಅದಾಳ. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ನಾನು ಮದುವಿ ಆಗಲಿಲ್ಲ. ಅದಕ್ಕ ದೊಡ್ಡ ಕಥಿ ಏನಿಲ್ಲ.

ಕ್ಲಾಸಿನಾಗ ಪುಟ ಹದಿನಾಲ್ಕು ತೆಗಸಿ, "ಇದು ತಪ್ಪು, ಅಡ್ಡ ಗೀಟು ಹಾಕ್ರಿ" ಅಂದೆ. ನಲವತ್ತೆರಡು ಜನ. ಹಿಂದಿನ ಬೆಂಚಿನ ಬಸವೇಶ್ ಅನ್ನೋ ಹುಡುಗ ಎದ್ದು ನಿಂತು, "ಮೇಡಂ, ಹೋದ ವರ್ಷ ನಮ್ಮಕ್ಕ ಇದನ್ನೇ ಬರೆದು ಐದಕ್ಕ ಐದು ತಗೊಂಡಾಳ" ಅಂದ. ಎಲ್ಲಾರೂ ನಕ್ರು. ನಾನೂ ನಕ್ಕೆ. ಮನಿಗೆ ಬಂದ ಮ್ಯಾಲ ನಗು ಬರಲಿಲ್ಲ. ಆ ಐದು ಅಂಕ ಕೊಟ್ಟಾಕಿ ನಾನು.

ನಿನ್ನ ಜೋಡಿ ಓದ್ತೀನಿ. ಲೈಬ್ರರಿಯಿಂದ ಎರಡು ಪುಸ್ತಕ ತಂದೀನಿ. ಒಂದರಾಗ ಕಾಲದ ವರ್ಗದಿಂದ ದೂರದ ವರ್ಗ ಕಳೀತಾರ, ಇನ್ನೊಂದರಾಗ ದೂರದ ವರ್ಗದಿಂದ ಕಾಲದ ವರ್ಗ. ನಾನು ಅರ್ಧ ಲೆಕ್ಕ ಅದರಾಗ ಮಾಡಿ, ಇನ್ನರ್ಧ ಇದರಾಗ ಮಾಡಿ, ಕಡೀಕ ನನ್ನ ಕಣದ ದ್ರವ್ಯರಾಶಿಯ ವರ್ಗ ಮೈನಸ್ ಬಂತು. ಎರಡು ದಿನ ಹುಡುಕಿದೆ. ಎಂ.ಎಸ್ಸಿ. ಮಾಡೀನಿ ಅಂತ ಹೇಳಿಕೊಳ್ಳಾಕ ನಾಚಿಕಿ ಆತು.

ನಿಮ್ಮ ಮನಿಗೆ ಬಾ ಅಂತ ನೀ ಬರೆದಿಲ್ಲ, ಆದ್ರ ಬರೀತಿ ಅಂತ ಗೊತ್ತು. ಈಗ ಪರೀಕ್ಷಾ ಕೆಲಸ ಐತಿ. ಮುಂದ ನೋಡೂಣು.

ಮಾಲಾ


ಹರಪನಹಳ್ಳಿ
10 ನವೆಂಬರ್ 2024

ಮಾಲಾ,

ದ್ರವ್ಯರಾಶಿಯ ವರ್ಗ ಮೈನಸ್! ಇದನ್ನ ಓದಿ ಒಬ್ಬಾಕೀನೇ ನಕ್ಕೆ, ಒಲಿ ಮ್ಯಾಲ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಒಂದು ಪುಸ್ತಕ ಮುಚ್ಚಿ ಇಡು. ಯಾವುದು ಬೇಕಾದ್ರೂ ಇಟ್ಟುಕೊ, ಒಂದೇ ಇಟ್ಟುಕೊ.

ನನಗ ಈ ತಿಂಗಳು ಹಬ್ಬ. ಯಾರು ಎಷ್ಟು ಜೋರು ಓಡಿದ್ರೂ, ಅವರ ಕಾಲ ಬ್ಯಾರೆ, ದೂರ ಬ್ಯಾರೆ, ಆದ್ರ ಕಾಲದ ವರ್ಗದಿಂದ ದೂರದ ವರ್ಗ ಕಳದ್ರ ಎಲ್ಲಾರಿಗೂ ಒಂದೇ ಸಂಖ್ಯಾ. ಇದನ್ನ ನಾವು ಬಿ.ಎಸ್ಸಿ.ಯಾಗ ಬಾಯಿಪಾಠ ಮಾಡಿದ್ವಿ. ಈಗ ಮೊದಲನೇ ಸಲ ಕಂಡಿತು. ಅದೇ ರೀತಿ ಶಕ್ತಿಯ ವರ್ಗದಿಂದ ಸಂವೇಗದ ವರ್ಗ ಕಳದ್ರ ದ್ರವ್ಯರಾಶಿಯ ವರ್ಗ ಉಳೀತೈತಿ. ಶಕ್ತಿ ಎಷ್ಟಂತ ವರ್ಗಮೂಲ ತೆಗದ್ರ ಪ್ಲಸ್ಸೂ ಬರತೈತಿ, ಮೈನಸ್ಸೂ ಬರತೈತಿ. ನಾವು ಆಗ ಮೈನಸ್ ಹೊಡದು ಹಾಕಿ ಮುಂದ ಹೋಗ್ತಿದ್ವಿ. ಹೊಡದು ಹಾಕಬಾರದಂತ! ಅದನ್ನ ಗೌರವದಿಂದ ಇಟ್ಟುಕೊಂಡ್ರ ಪ್ರತಿಕಣ ಬರತೈತಿ. ಮತ್ತ, ಶಕ್ತಿ ಸಾಕಷ್ಟಿದ್ರ ಹೊಸ ಕಣಾನೇ ಹುಟ್ಟತಾವ, ಅಂದ ಮ್ಯಾಲ ಒಂದೇ ಕಣ ಹಿಡಕೊಂಡು ಕುಂತ್ರ ನಡಿಯಂಗಿಲ್ಲ. ಅದಕ್ಕ ಕ್ಷೇತ್ರ ಬೇಕು. ಆ ಮೇಷ್ಟ್ರು ಐದನೇ ನಿಮಿಷಕ್ಕ ನನ್ನ ಯಾಕ ಎಬ್ಬಿಸಿ ಕಳಿಸಿದ್ರು ಅಂತ ಈಗ ತಿಳೀತು.

ಇದನ್ನೆಲ್ಲಾ ನಾವು ಇಪ್ಪತ್ತೆರಡನೇ ವಯಸ್ಸಿಗೆ ಓದಬೇಕಿತ್ತು ನೋಡು, ಇಬ್ಬರೂ ಎಂ.ಎಸ್ಸಿ.ಗೆ ಹೋಗಿ ಗುಲ್ಬರ್ಗದಾಗ ಒಂದೇ ರೂಮಿನಾಗ. ಅಬ್ಬಾ ಕಡೀ ತನಕ ಹೇಳ್ತಿದ್ರು. "ಅವತ್ತು ಮಾಲಾ ಹೋಗ್ತೀನಿ ಅಂದಿದ್ರ ನಿನ್ನೂ ಕಳಿಸ್ತಿದ್ದೆ ಬೇಟಾ. ಆಕಿಗೆ ಎರಡನೇ ಲಿಸ್ಟಿನಾಗ ಸೀಟು ಬಂತಂತ, ಆಗ ನೀ ಸೇರೋ ತಾರೀಖು ಮುಗದು ಹೋಗಿತ್ತು." ನಸೀಬು ಅಂತ ಸುಮ್ಮನಾದೆ. ನಿನ್ನ ಮ್ಯಾಲ ಒಂದೀಟು ಸಿಟ್ಟಿತ್ತು, ಹೋಗುವಾಗ ಹೇಳಲಿಲ್ಲಂತ. ಈಗ ಇಲ್ಲ. ಅಬ್ಬಾ ಕಳಸಾಕ ತಯಾರಿದ್ರು ಅನ್ನೂದೇ ನನಗ ದೊಡ್ಡ ಆಸ್ತಿ ಇದ್ದಂಗ. ನಮ್ಮ ಓಣ್ಯಾಗ ಅಂಥ ಅಪ್ಪ ಎಷ್ಟು ಮಂದಿಗೆ ಇದ್ರು?

ಅಮ್ಮಿ ನಿನ್ನ ನೋಡಬೇಕು ಅಂತಾಳ. ಡಿಸೆಂಬರಿನಾಗ ಒಂದು ಭಾನುವಾರ ಕೊಟ್ಟೂರಿಗೆ ಬಾ. ನಾನೂ ಬರ್ತೀನಿ.

ಪಾರೂ


ಹಗರಿಬೊಮ್ಮನಹಳ್ಳಿ
5 ಡಿಸೆಂಬರ್ 2024

ಪಾರೂ,

ಭಾನುವಾರ ಬರಾಕ ಆಗಂಗಿಲ್ಲ. ಯಾಕ ಅಂತ ಹೇಳ್ತೀನಿ. ಇದನ್ನ ಬರದು ಹರದು ಬರದು ಹರದು ಇಟ್ಟೀನಿ. ಇದು ಐದನೇದು.

ಎರಡನೇ ಲಿಸ್ಟ್ ಅಂತ ಇದ್ದೇ ಇಲ್ಲ. ಮೊದಲನೇ ಲಿಸ್ಟಿನಾಗೇ ನನ್ನ ಹೆಸರಿತ್ತು. ಗುಲ್ಬರ್ಗಕ್ಕ ಹೋದ ಮ್ಯಾಲ ಬೋರ್ಡಿನ ಮ್ಯಾಲ ನೋಡಿದೆ, ನಿಂದು ನಾಲ್ಕನೇದು, ನಂದು ಹನ್ನೊಂದನೇದು. ಎರಡನೇ ಲಿಸ್ಟ್ ಅಂತ ಚಾಚಾಗ ಯಾರು ಹೇಳಿದ್ರೋ ನನಗ ಗೊತ್ತಿಲ್ಲ, ನಾನಂತೂ ಹೇಳಿಲ್ಲ. ಆದ್ರ ಹೇಳಿದ್ದು ಅದಕ್ಕಿಂತ ಕೆಟ್ಟದ್ದು.

ಅವತ್ತು ನಿನ್ನ ನೋಡಾಕಂತ ನಿಮ್ಮ ಮನಿಗೆ ಹೊರಟಿದ್ದೆ. ಅಂಗಡಿ ಮುಂದ ಚಾಚಾ ಕರದ್ರು. ಒಂದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತಾಕ ಹತ್ತಿದ್ರು. ಕೈ ನಿಲ್ಲಿಸದಂಗ ಕೇಳಿದ್ರು. "ಮಾಲಮ್ಮಾ, ನೀ ಗುಲ್ಬರ್ಗಕ್ಕ ಹೋಗ್ತೀಯೇನಮ್ಮ? ನೀ ಹೋಗೂದಾದ್ರ ಇವಳನ್ನೂ ಕಳಸ್ತೀನಿ. ಒಬ್ಬಾಕೀನ ಅಷ್ಟು ದೂರ ಕಳಸಾಕ ನನಗ ಧೈರ್ಯ ಇಲ್ಲ."

ಸೀಟು ಬಂದ ಕಾಗದ ನನ್ನ ಬ್ಯಾಗಿನಾಗಿತ್ತು. ನಿನಗ ತೋರಿಸಾಕಂತ ತಂದಿದ್ದೆ. ನಾನು, "ಇಲ್ಲ ಚಾಚಾ, ನಮ್ಮ ಮನ್ಯಾಗ ಬ್ಯಾಡ ಅಂದಾರ" ಅಂದೆ.

ಅವರ ಕೈ ಒಂದು ಸಲ ನಿಂತಿತು. "ಹಂಗಾ" ಅಂದ್ರು. ಚಾ ತರಿಸಿದ್ರು. ಕುಡದು, ನಿನ್ನ ನೋಡದಂಗ ಕೂಡ್ಲಿಗಿ ಬಸ್ಸು ಹತ್ತಿದೆ.

ಯಾಕ ಅಂತ ನೀ ಕೇಳ್ತಿ. ಕ್ಲಾಸಿನಾಗ ನನ್ನ ಬೆನ್ನ ಹಿಂದ ಏನಂತಿದ್ರು ನಿನಗ ಗೊತ್ತೈತಿ. ನಾ ಎಷ್ಟು ಅಂಕ ತಗೊಂಡ್ರೂ ಅದು ಕೋಟಾ ಅಂತಿದ್ರು, ನಾ ಏನು ಉತ್ತರ ಹೇಳಿದ್ರೂ ಅದು ಪರ್ವೀನ ಹೇಳಿಕೊಟ್ಟಿದ್ದು ಅಂತಿದ್ರು. ಎರಡನೇ ಮಾತು ಅರ್ಧ ಖರೇನೂ ಇತ್ತು. ಅದಕ್ಕೇ ಜಾಸ್ತಿ ಉರೀತಿತ್ತು. ಗುಲ್ಬರ್ಗದಾಗ ನಿನ್ನ ಜೋಡಿ ಇಲ್ಲದಂಗ ಒಂದು ಸಲ, ಬರೇ ಒಂದು ಸಲ, ನನ್ನ ತಲಿ ನಂದು ಅಂತ ನೋಡಬೇಕಿತ್ತು. ಇಷ್ಟೇ. ಇದನ್ನ ಕಾರಣ ಅಂತ ಹೇಳವಲ್ಲೆ. ನನಗ ಏನಾಗಿತ್ತು ಅಂತ ಹೇಳಾಕ ಹತ್ತೀನಿ. ಆ ಮಾತು ಅಂದವರು ಆರಾಮ ಇದ್ರು. ನಾನು ಅವರಿಗೆ ಏನೂ ಮಾಡಲಿಲ್ಲ. ನನ್ನ ಸಿಟ್ಟೆಲ್ಲಾ ನನಗ ಊಟ ಹಾಕಿದ ಮನಿ ಮ್ಯಾಲ ಬಿತ್ತು.

ಗುಲ್ಬರ್ಗದಾಗ ನನಗ ಫಸ್ಟ್ ಕ್ಲಾಸ್ ಬಂತು. ಒಬ್ಬಾಕೀನೇ ಓದಿದೆ. ಆದ್ರ ತಿಳೀದೇ ಓದಿದೆ. ಪಕ್ಕದಾಗ ಕುಂತು "ಯಾಕ ಹಂಗ?" ಅಂತ ಕೇಳೋರು ಇದ್ದಿಲ್ಲ. ಅದರ ಸಾಕ್ಷಿ ನನ್ನ ಟಿಪ್ಪಣಿ.

ನಿನ್ನ ಮೊದಲನೇ ಕಾಗದದಾಗ ನೀನೇ ನನಗ ಮಾಫ್ ಕೇಳಿದ್ದಿ. ಅವತ್ತೇ ಹೇಳಬೇಕಿತ್ತು. ಐದು ತಿಂಗಳು ನಿನ್ನ ಕಾಗದದ ಆಸೆಗೆ ಸುಮ್ಮನಿದ್ದೆ. ಈಗ ಚಾಚಾ ಅವರ ಮಾತು ಓದಿದ ಮ್ಯಾಲೂ ಸುಮ್ಮನಿದ್ರ ಅವತ್ತಿನ ಸುಳ್ಳು ಮತ್ತ ಹೇಳಿದಂಗ.

ಮಾಲಾ


ಹಗರಿಬೊಮ್ಮನಹಳ್ಳಿ
20 ಜನವರಿ 2025

ಪಾರೂ,

ಉತ್ತರ ಬರೀ ಅಂತ ಕೇಳಾಕ ಬರೆದಿಲ್ಲ.

ಟಿಪ್ಪಣಿ ಹೊಸದಾಗಿ ಅಚ್ಚಾಗೇತಿ, ಜೋಡಿ ಇಟ್ಟೀನಿ. ಪುಟ ಹದಿನಾಲ್ಕರಾಗ ನಿನ್ನ ಮೂರು ಸ್ಟೇಷನ್ನಿನ ಗಡಿಯಾರ ಅದಾವ. ಕೆಳಗ, "ಹಿಂದಿನ ಮುದ್ರಣಗಳ ವಿವರಣೆ ತಪ್ಪು. ಅದನ್ನು ತೋರಿಸಿ, ಸರಿಯಾದ ವಿವರಣೆ ಕೊಟ್ಟವರು ಹರಪನಹಳ್ಳಿಯ ಪರ್ವೀನ್" ಅಂತ ಹಾಕೀನಿ. ಕೇಳದಂಗ ಹಾಕಿದ್ದು. ಬ್ಯಾಡ ಅಂದ್ರ ತೆಗಿಸ್ತೀನಿ.

ಮಾಲಾ


ಹರಪನಹಳ್ಳಿ
9 ಮಾರ್ಚ್ 2025

ಮಾಲಾ,

ಎರಡೂ ಕಾಗದ ಮುಟ್ಟಿದವು. ಹೆಸರು ಇರಲಿ.

ಡಿಸೆಂಬರಿನ ಕಾಗದ ಓದಿದ ಮರುದಿನ ಟ್ಯೂಷನ್ನಿಗೆ ರಜಾ ಕೊಟ್ಟು ಕೊಟ್ಟೂರಿಗೆ ಹೋದೆ. ಅಮ್ಮಿ ಬಿಸಲಿಗೆ ಕುಂತು ಅಕ್ಕಿ ಆರಿಸ್ತಿದ್ಲು. ಮಾಲಾಗ ಅಬ್ಬಾ ಕೇಳಿದ್ದು ಖರೇನಾ ಅಂತ ಕೇಳಿದೆ. ನಿನ್ನ ಸುಳ್ಳಿನ ಬಗ್ಗೆ ಇನ್ನೂ ಬಾಯಿ ಬಿಟ್ಟಿದ್ದಿಲ್ಲ. ಅಮ್ಮಿ ಅಕ್ಕಿ ಬಿಟ್ಟು ನನ್ನ ಮುಖ ನೋಡಿದ್ಲು.

"ಈಗ್ಯಾಕ ಅದು?" ಅಂದ್ಲು.

"ಆಕಿಗೆ ಮೊದಲೇ ಸೀಟು ಬಂದಿತ್ತಂತ ಅಮ್ಮಿ."

"ಗೊತ್ತು."

"ನಿನಗ ಹೆಂಗ ಗೊತ್ತು?"

"ನಾಗೇಂದ್ರಪ್ಪಣ್ಣ ಎರಡು ದಿನ ಮೊದಲೇ ಪೇಡೆ ತಗೊಂಡು ಅಂಗಡಿಗೆ ಬಂದಿದ್ರು. ಮಗಳಿಗೆ ಸೀಟು ಬಂತು, ಇಬ್ಬರೂ ಕೂಡೇ ಹೋಗಲಿ ಅಂತ ಹೇಳಿ ಹೋದ್ರು."

ಮಾಲಾ, ನಿಮ್ಮಪ್ಪ ಬಂದಿದ್ರು. ನಿನಗೂ ಇದು ಗೊತ್ತಿರಲಿಕ್ಕಿಲ್ಲ. ಅಬ್ಬಾಗ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಕರದು ಕೇಳಿದ್ರು. ಯಾಕ ಅಂತ ಅಮ್ಮೀನ ಬಿಡದೇ ಕೇಳಿದೆ. ಮೊರ ಬದಿಗಿಟ್ಟು ಹೇಳಿದ್ಲು. "ಆಕಿ ಹೋಗ್ತೀನಿ ಚಾಚಾ ಅಂದಿದ್ರ ಕೊಟ್ಟ ಮಾತಿಗೆ ಕಳಸ್ತಿದ್ರು. ಆದ್ರ ಅಂಜಿದ್ರು ಬೇಟಾ. ದೂರದ ಊರು. ಶಹಬಾಜನ ಮನಿಯವರೂ ಹೆಣ್ಣು ಕೇಳಿ ಹೋಗಿದ್ರು. ಆಕಿ ಇಲ್ಲ ಅಂದ್ಲು. ಮನಿಗೆ ಬಂದು, 'ಆ ಹುಡುಗಿ ನನ್ನ ಮುಖ ನೋಡದೇ ಸುಳ್ಳು ಹೇಳಿದ್ಲು, ನನಗ ಹಗೂರ ಆತು' ಅಂದ್ರು. ಅವತ್ತು ಊಟ ಮಾಡಲಿಲ್ಲ."

ಎರಡನೇ ಲಿಸ್ಟ್ ಅನ್ನೂದು ಅವರೇ ಹುಟ್ಟಿಸಿದ್ದು. ಹೇಳಿ ಹೇಳಿ ಕಡೀಕ ತಾವೂ ನಂಬಿದ್ರೋ ಏನೋ.

ನಿನ್ನ ಕಾರಣ ನನಗ ತಿಳದೈತಿ. ಅವರು ನಿನಗ ಅನ್ನೂದು ನನ್ನ ಕಿವಿಗೂ ಬೀಳ್ತಿತ್ತು. ನಾನು ಒಂದು ದಿನವೂ ಎದ್ದು ನಿಂತು, ಉತ್ತರ ಆಕಿದೇ ಅಂತ ಹೇಳಲಿಲ್ಲ. ಪರ್ವೀನ ಹೇಳಿಕೊಟ್ಟಿದ್ದು ಅಂದಾಗ ಒಳಗೊಳಗ ಖುಷೀನೂ ಆಗ್ತಿತ್ತು. ಅದು ನನ್ನ ತಪ್ಪು, ಇಲ್ಲೇ ಒಪ್ಪಿಕೊಳ್ತೀನಿ.

ಆದ್ರ ಒಂದು ಮಾತು ಹೇಳಲೇಬೇಕು. ನೀ ಖರೇ ಹೇಳಿ ಹಗೂರ ಆದಿ. ನನ್ನ ಪಾಲಿಗೆ, ಓದಾಕ ಕಳಸಾಕ ತಯಾರಿದ್ದ ಅಪ್ಪ ಒಬ್ಬರಿದ್ರು. ಮಣ್ಣಿಗಿಟ್ಟ ಮ್ಯಾಲೂ ಇದ್ರು. ಈಗ ಇಲ್ಲ. ಅವರನ್ನ ನೆನಸಿಕೊಂಡ್ರ ತಂತಿ ಸುತ್ತೋ ಕೈ ಕಾಣತೈತಿ, ಮುಖ ಕಾಣವಲ್ದು. ನೀ ಹೇಳಬಾರದಿತ್ತು ಅಂತ ಹೇಳವಲ್ಲೆ. ಹೇಳಿದ್ದಕ್ಕ ಹಿಂಗಾಗೇತಿ ಅಂತ ನಿನಗ ಗೊತ್ತಿರಲಿ.

ಮಾಫ್ ಮಾಡೀನಿ ಅಂತ ಬರೆಯಾಕ ಮೂರು ಸಲ ಕುಂತೆ. ಕೈ ಬರಲಿಲ್ಲ. ಬಂದಾಗ ಬರೀತೀನಿ. ಬರದೇನೂ ಇರಬಹುದು.

ಸಾಪೇಕ್ಷತೆ ಮುಗೀತು. ಕಡೀ ಲೆಕ್ಕ ಮೊನ್ನೆ ಬಿಡಿಸಿದೆ. ಒಂದರಿಂದ ಇನ್ನೊಂದಕ್ಕ ಬೆಳಕು ಮುಟ್ಟಲಾರದಷ್ಟು ದೂರದ ಎರಡು ಘಟನಾಗಳಾಗ ಯಾವುದು ಮೊದಲು ಅಂತ ಜಗತ್ತು ಒಪ್ಪಂಗಿಲ್ಲ, ಅದಕ್ಕ ಒಂದು ಇನ್ನೊಂದಕ್ಕ ಕಾರಣ ಆಗಾಕ ಬರಂಗಿಲ್ಲ. ಕ್ಷೇತ್ರ ಸಿದ್ಧಾಂತ ಈ ನೇಮ ಮುರಿಯಂಗಿಲ್ಲಂತ, ಇದರ ಮ್ಯಾಲೇ ಕಟ್ಟ್ಯಾರಂತ. ಬರುವ ಸೋಮವಾರ ಮೊದಲನೇ ಪಾಠಕ್ಕ ಮತ್ತ ಕುಂದ್ರತೀನಿ. ಐದನೇ ನಿಮಿಷ ದಾಟತೀನಿ.

ಒಬ್ಬಾಕೀನೇ ದಾಟಬೇಕು ಮಾಲಾ. ನಿನ್ನ ಸಹಾಯ ಬೇಕಾಗತೈತಿ, ಗೊತ್ತು. ಲೈಬ್ರರಿ ನಿನ್ನ ಕಡೆ ಐತಿ. ಆದ್ರೂ ಬ್ಯಾಡ. ಬಳ್ಳಾರಿಯ ನಿವೃತ್ತ ಮೇಷ್ಟ್ರು ಒಬ್ಬರು ಬರೆದು ಕೇಳಿದ್ರ ಉತ್ತರ ಕೊಡ್ತೀನಿ ಅಂದಾರ.

ಕಾಗದ ಬರಿಯೂದು ಬಿಡಬ್ಯಾಡ. ಮನಿ ಸುದ್ದಿ ಬರಿ, ಅವ್ವನ ಸುದ್ದಿ ಬರಿ, ಕಾಲೇಜಿನದು ಬರಿ. ಫಿಸಿಕ್ಸ್ ಮಾತ್ರ ಬರೀಬ್ಯಾಡ. ಅದೊಂದು ನನಗ ಬಿಡು.

ಪರ್ವೀನ್


ಹಗರಿಬೊಮ್ಮನಹಳ್ಳಿ
27 ಏಪ್ರಿಲ್ 2025

ಪರ್ವೀನ್,

ನೀ ಹೇಳಿದಂಗ ಮನಿ ಸುದ್ದಿ ಬರೀತೀನಿ.

ಅಪ್ಪ ಪೇಡೆ ತಗೊಂಡು ಬಂದದ್ದು ನನಗ ಗೊತ್ತಿದ್ದಿಲ್ಲ. ಅವ್ವಗೂ ಗೊತ್ತಿದ್ದಿಲ್ಲ. ಅವರು ಸಾಯೂತನಕ ನನಗ ಒಂದು ಮಾತು ಕೇಳಲಿಲ್ಲ, ಪರ್ವೀನ ಯಾಕ ಬರಲಿಲ್ಲ ಅಂತ. ಈಗ ಅದನ್ನೇ ನೆನಸ್ತಾ ಇರ್ತೀನಿ.

ಅವ್ವನ ಎಡಗಣ್ಣಿಗೆ ಪೊರಿ ಬಂದಿತ್ತು, ಹೊಸಪ್ಯಾಟ್ಯಾಗ ಆಪರೇಷನ್ ಆತು. ಕಣ್ಣಿಗೆ ದಿನಾ ನಾಲ್ಕು ಸಲ ಹನಿ ಹಾಕಬೇಕು. ಹಾಕುವಾಗ ಸಣ್ಣ ಹುಡುಗರಂಗ ಮುಖ ತಿರುವತಾಳ. ಪಟ್ಟಿ ಬಿಚ್ಚಿದ ದಿನ ನನ್ನ ನೋಡಿ, "ನಿನ್ನ ತಲಿ ಇಷ್ಟು ಬೆಳ್ಳಗ ಯಾವಾಗ ಆತು?" ಅಂದ್ಲು. ಪಕ್ಕದ ಮನಿ ಅಂಜಿನಕ್ಕ ನಕ್ಕಿದ್ದೇ ನಕ್ಕಿದ್ದು.

ಇಲ್ಲಿ ಬಿಸಲು ಬಾಳ. ಕಾಲೇಜಿಗೆ ರಜಾ. ಹಿಂದಿನ ಗೋಡಿ ಬಿದ್ದಿತ್ತು, ಕಟ್ಟಾಕ ಹತ್ಯಾರ.

ಹೋದ ವಾರ ಮೇಜಿನ ಮ್ಯಾಲ ಹಾಳಿ ಹರವಿಕೊಂಡು ಕುಂತಿದ್ದೆ. ಅವ್ವ ಬಂದು ಕೇಳಿದ್ಲು, "ಪರ್ವೀನಂದು ಓದೂದು ಎಲ್ಲಿಗೆ ಬಂತು?"

"ಕೇಳಂಗಿಲ್ಲವ್ವ."

"ಯಾಕ?"

"ಬ್ಯಾಡ ಅಂದಾಳ."

ಅವ್ವ ಹರವಿದ ಹಾಳಿ ಕೂಡಿಸಿ ಇಟ್ಲು. ಆಮ್ಯಾಲ, "ಹಂಗಾರ ಕೇಳಬ್ಯಾಡ. ಶೇಂಗಾ ಚಟ್ನಿಪುಡಿ ಕುಟ್ಟಿ ಕೊಡ್ತೀನಿ, ಅದನ್ನ ಕಳಸು" ಅಂದು, ಆ ಕಣ್ಣಾಗೇ ಕುಂತು ಕುಟ್ಟಿದ್ಲು. ನಾನು ಮೆಣಸಿನಕಾಯಿ ಹುರದು ಕೊಟ್ಟೆ.

ಪುಡಿ ಈ ಕಾಗದದ ಜೋಡಿ ಪಾರ್ಸಲ್ ಮಾಡೀನಿ. ಅರ್ಧ ಸೇರು ಐತಿ. ನಿಮ್ಮ ಮನ್ಯಾಗ ಈಗ ಎಷ್ಟು ಖಾರ ತಿಂತೀರೋ ನನಗ ಗೊತ್ತಿಲ್ಲ. ಹೆಚ್ಚಾತೋ ಕಡಿಮ್ಯಾತೋ, ಅಷ್ಟಾದ್ರೂ ಬರಿ.

ಮಾಲಾ